ನಕಮುರಾನ ಎಡಗಾಲು

ರಾತ್ರಿ ಮತ್ತೆ ಆ ಫ್ರೀಕಿಕ್ ನೋಡಿದೆ. 2006ರ ನವೆಂಬರ್, ಗ್ಲಾಸ್ಗೋ, ಎದುರಿಗೆ ಮ್ಯಾಂಚೆಸ್ಟರ್ ಯುನೈಟೆಡ್. ಜಪಾನಿನ ಫುಟ್‌ಬಾಲ್ ಆಟಗಾರ ಶುನ್ಸುಕೆ ನಕಮುರಾ ಎಡಗಾಲಲ್ಲಿ ಒದ್ದ ಚೆಂಡು, ಗೋಡೆ ಕಟ್ಟಿ ನಿಂತವರ ತಲೆ ಮೇಲಿಂದ ಬಾಗಿ ಹೋಗಿ ಗೋಲಿನ ಮೇಲ್ಮೂಲೆ ಸೇರಿತು. ಅವನ ತಂಡ, ಸ್ಕಾಟ್ಲೆಂಡಿನ ಸೆಲ್ಟಿಕ್, 1-0 ಗೆದ್ದಿತು. ಎಷ್ಟು ಸಲ ನೋಡಿದ್ರೂ ಮೈ ಜುಮ್ ಅನ್ನುತ್ತೆ.

ಮೈಕಟ್ಟು ಚಿಕ್ಕದು ಅಂತ ಜಪಾನಿನ ಕ್ಲಬ್ ಯೊಕೊಹಾಮಾ ಮರಿನೋಸ್ ಇವನನ್ನ ಯೂತ್ ತಂಡಕ್ಕೆ ತಗೊಂಡಿರಲಿಲ್ಲ. ಹೈಸ್ಕೂಲ್ ತಂಡದಲ್ಲಿ ಆಡಿ, 1997ರಲ್ಲಿ ಅದೇ ಕ್ಲಬ್ಬಿಗೆ ವಾಪಸ್ ಬಂದ. ಬೇಡ ಅಂದವರ ಬಾಗಿಲಿಗೇ ಮತ್ತೆ ಹೋಗೋಕೆ ಎಷ್ಟು ಗಟ್ಟಿ ಮನಸ್ಸು ಬೇಕೋ! 2000ದಲ್ಲಿ ಜಪಾನಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಜೆ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ. ಆದ್ರೂ 2002ರಲ್ಲಿ ತವರಲ್ಲೇ ನಡೆದ ವಿಶ್ವಕಪ್ ತಂಡದಲ್ಲಿ ಹೆಸರಿಲ್ಲ. ನಂಗೆ ಈಗಲೂ ಸಂಕಟ ಆಗುತ್ತೆ.

2013ರಲ್ಲಿ, 35ನೇ ವಯಸ್ಸಲ್ಲಿ, ಅದೇ ಪ್ರಶಸ್ತಿ ಇನ್ನೊಮ್ಮೆ. ಬೂಟು ಬಿಚ್ಚಿಟ್ಟಿದ್ದು 2022ರಲ್ಲಿ, 44ಕ್ಕೆ.