"ಇವರು ಏನ್ ಬೆಳೀತಾರ?" – ಮೊನಾಕೊ ತೋರಿಸುವ ಕೆಲಸದಲ್ಲಿ ಕಲಿತದ್ದು

ನಾನು ಟೂರ್ ಮ್ಯಾನೇಜರ್. ಬೆಂಗಳೂರಿನಿಂದ ನಲವತ್ತು ಜನರ ಗ್ರೂಪ್ ಕರೆದುಕೊಂಡು ಹೋಗಿ, ಯುರೋಪ್ ಸುತ್ತಿಸಿ, ಎಲ್ಲರನ್ನೂ ಅವರವರ ಪಾಸ್‌ಪೋರ್ಟ್ ಸಮೇತ ವಾಪಸ್ ತಂದು ಬಿಡುವುದು ನನ್ನ ಕೆಲಸ. ನಮ್ಮ ಐಟಿನರಿಯಲ್ಲಿ ಫ್ರಾನ್ಸ್ ಮಗ್ಗುಲಿನ ಪುಟ್ಟ ದೇಶ ಮೊನಾಕೊಗೆ ಇರುವುದು ಅರ್ಧ ದಿನ. ಬೆಳಿಗ್ಗೆ ಫ್ರಾನ್ಸಿನ ನೀಸ್‌ನಲ್ಲಿ ತಿಂಡಿ, ರಾತ್ರಿ ಇಟಲಿಯಲ್ಲಿ ಊಟ. ನಡುವೆ ಮೊನಾಕೊ.

ಮೊದಮೊದಲು ಅಲ್ಲಿ ಮೈಕ್ ಹಿಡಿದರೆ ನಾನು ಹೇಳುತ್ತಿದ್ದದ್ದು ಬರೀ ರೇಟು. ಆ ದೋಣಿಗೆ ಇಷ್ಟು ಕೋಟಿ, ಈ ಫ್ಲ್ಯಾಟಿಗೆ ಇಷ್ಟು ಕೋಟಿ. ಜನ ಐದು ನಿಮಿಷ "ಅಯ್ಯಪ್ಪಾ" ಅನ್ನುತ್ತಿದ್ದರು. ಆಮೇಲೆ ಸುಮ್ಮನಾಗುತ್ತಿದ್ದರು. ಕ್ಯಾಸಿನೊ ಮುಂದೆ ಫೆರಾರಿ ಪಕ್ಕ ನಿಂತು ಫೋಟೋ, ತಕ್ಷಣ "ಊಟ ಎಷ್ಟೊತ್ತಿಗೆ?" ಒಂದು ಸಲ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಒಬ್ಬರು ಬರೆದಿದ್ದರು: "ಮೊನಾಕೊ – ಬೇರೆಯವರ ಕಾರು ನೋಡಿಕೊಂಡು ಬಂದೆವು." ಆಫೀಸಿನಲ್ಲಿ ಎಲ್ಲರೂ ಓದಿ ನಕ್ಕರು. ನಾನೂ ನಕ್ಕೆ. ತಪ್ಪು ನನ್ನದು ಅಂತ ಆಗ ಹೊಳೆಯಲೇ ಇಲ್ಲ.

ಮುಂದಿನ ಸೀಸನ್‌ನಲ್ಲಿ ಇಂಡಿ ಕಡೆಯ ಅಮ್ಮ ಒಬ್ಬರು ಬಂದಿದ್ದರು. ಮನೆಯವರದು ಲಿಂಬೆ ತೋಟ. ಕ್ಯಾಸಿನೊ ಚೌಕದಲ್ಲಿ ಎಲ್ಲರೂ ಫೋನ್ ಎತ್ತಿ ಹಿಡಿದಿದ್ದರೆ, ಅವರು ಸೆರಗು ಸರಿ ಮಾಡಿಕೊಂಡು ಸುತ್ತ ನೋಡಿದರು. ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ, ನಡುವೆ ಬರೀ ಕಟ್ಟಡ.

"ಅಲ್ಲೋ ತಮ್ಮಾ, ಇಲ್ಲಿ ಹೊಲಾನ ಇಲ್ಲಲ್ಲ. ಇವರು ಏನ್ ಬೆಳೀತಾರ? ಇಷ್ಟ್ ರೊಕ್ಕ ಎಲ್ಲಿಂದ ಬಂತು?"

"ಜೂಜಿಂದ ಅಮ್ಮಾ," ಅಂದೆ.

"ಜೂಜಾಡಿ ಉದ್ಧಾರ ಆದವರನ್ನ ನಾ ಅಂತೂ ನೋಡಿಲ್ಲಪಾ."

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ವರ್ಷದಿಂದ ಜನರಿಗೆ ಊರು ತೋರಿಸುತ್ತಿದ್ದವನಿಗೆ ಆ ಊರಿನ ಹೊಟ್ಟೆಪಾಡು ಗೊತ್ತಿರಲಿಲ್ಲ. ನಾಚಿಕೆ ಆಯಿತು. ಆ ಚಳಿಗಾಲದಲ್ಲಿ ಕೂತು ಓದಿದೆ.

ಓದಿದರೆ, ಕಥೆ ಶುರುವಾಗುವುದೇ ನಿಂಬೆಹಣ್ಣಿನಿಂದ! ಮೊನಾಕೊ ಮೊದಲು ಇಷ್ಟು ಚಿಕ್ಕದಿರಲಿಲ್ಲ. ಪಕ್ಕದ ಮಾಂತೋ, ರೋಕ್‌ಬ್ರೂನ್ ಎರಡೂ ಅದಕ್ಕೇ ಸೇರಿದ್ದವು. ಮಾಂತೋದಲ್ಲಿ ನಿಂಬೆ ಮತ್ತು ಆಲಿವ್ ಬೆಳೆ. ರಾಜಮನೆತನಕ್ಕೆ ವರಮಾನ ಬರುತ್ತಿದ್ದದ್ದೇ ಅಲ್ಲಿಂದ, ಆ ಬೆಳೆಯ ಮೇಲೆ ಹಾಕಿದ ತೆರಿಗೆಯಿಂದ. ಹಿಂಡಿದ್ದು ಜಾಸ್ತಿಯಾಯಿತು. 1848ರಲ್ಲಿ ಎರಡೂ ಊರು ದಂಗೆ ಎದ್ದು ಕೈಬಿಟ್ಟು ಹೋದವು. 1861ರಲ್ಲಿ ರಾಜ ಮೂರನೇ ಚಾರ್ಲ್ಸ್ ಸುಮಾರು 40 ಲಕ್ಷ ಫ್ರಾಂಕ್ ತೆಗೆದುಕೊಂಡು ಅವನ್ನು ಫ್ರಾನ್ಸಿಗೆ ಬರೆದುಕೊಟ್ಟ. ಉಳಿದದ್ದು ಒಂದು ಬಂಡೆ, ಒಂದು ಬಂದರು. ಬೆಳೆಯುವುದಕ್ಕೆ ನೆಲವೇ ಇಲ್ಲ.

ಜೂಜುಕಟ್ಟೆಯನ್ನು ಅದಕ್ಕೂ ಮೊದಲೇ, 1856ರಲ್ಲಿ ಶುರು ಮಾಡಿದ್ದರು. ನಡೆಯಲಿಲ್ಲ. ಬರುವುದಕ್ಕೆ ಸರಿಯಾದ ದಾರಿ ಇಲ್ಲದಿದ್ದರೆ ದುಡ್ಡಿದ್ದವರು ಯಾಕೆ ಬರುತ್ತಾರೆ? 1863ರಲ್ಲಿ ಫ್ರಾಂಸ್ವಾ ಬ್ಲಾಂ ಎಂಬಾತನಿಗೆ ವಹಿಸಿದರು. ಜರ್ಮನಿಯ ಬಾಡ್ ಹೋಂಬರ್ಗ್‌ನಲ್ಲಿ ಇದೇ ದಂಧೆ ನಡೆಸಿ ಪಳಗಿದ್ದ ಮನುಷ್ಯ. ಮುಂದಿನ ವರ್ಷವೇ ಓತೆಲ್ ದ ಪಾರಿ ಎಂಬ ಹೋಟೆಲ್ ಬಾಗಿಲು ತೆರೆಯಿತು. ಸ್ಪೆಲ್ಯೂಗ್, ಅಂದರೆ ಗುಹೆಗಳು ಅಂತ ಕರೆಸಿಕೊಳ್ಳುತ್ತಿದ್ದ ಗುಡ್ಡಕ್ಕೆ 1866ರಲ್ಲಿ ರಾಜನ ಹೆಸರಿಟ್ಟು ಮಾಂಟೆ ಕಾರ್ಲೊ, ಅಂದರೆ ಚಾರ್ಲ್ಸ್‌ನ ಗುಡ್ಡ, ಮಾಡಿದರು. 1868ರಲ್ಲಿ ರೈಲು ಬಂತು. ಅಲ್ಲಿಗೆ ಎಲ್ಲ ಬದಲಾಯಿತು. 1869ರಲ್ಲಿ ರಾಜ ಪ್ರಜೆಗಳ ನೇರ ತೆರಿಗೆಯನ್ನೇ ತೆಗೆದುಹಾಕಿದ. ಮೊದಲ ಸಲ ತೆರಿಗೆ ಹಾಕಿ ಊರು ಕಳೆದುಕೊಂಡವರು, ಎರಡನೇ ಸಲ ತೆರಿಗೆ ಬಿಟ್ಟು ಊರು ಕಟ್ಟಿದರು. (ಗ್ರೂಪಿನಲ್ಲಿ ರಿಟೈರ್ಡ್ ಟ್ಯಾಕ್ಸ್ ಆಫೀಸರ್ ಇದ್ದರೆ ಇಲ್ಲಿ ಹತ್ತು ನಿಮಿಷ ಎಕ್ಸ್‌ಟ್ರಾ ಇಟ್ಟುಕೊಳ್ಳಬೇಕು. ಅವರಿಗೆ ಫ್ರಾನ್ಸಿನ ಅಧ್ಯಕ್ಷನಾಗಿದ್ದ ಡಿ ಗಾಲ್ ಕಥೆ ಹೇಳುತ್ತೇನೆ. ತನ್ನ ದೇಶದ ಸಾಹುಕಾರರು ಇಲ್ಲಿಗೆ ಓಡಿಬರುತ್ತಿದ್ದಾರೆ ಅಂತ 1962ರಲ್ಲಿ ಆತ ಗಡಿಗೆ ಕಸ್ಟಮ್ಸ್‌ನವರನ್ನು ತಂದು ನಿಲ್ಲಿಸಿದ್ದ. ಮರುವರ್ಷ ಒಪ್ಪಂದವಾಯಿತು. ಅಲ್ಲಿ ಹೋಗಿ ನೆಲೆಸುವ ಫ್ರೆಂಚರು ಈಗಲೂ ಫ್ರಾನ್ಸಿಗೆ ತೆರಿಗೆ ಕಟ್ಟಬೇಕು.)

ಇಂಡಿ ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಆಡಿದವರು ಉದ್ಧಾರ ಆಗಲಿಲ್ಲ, ಆಡಿಸಿದವರು ಆದರು. ರೂಲೆಟ್ ಚಕ್ರದಲ್ಲಿ ಸೊನ್ನೆ ಸೇರಿ 37 ಮನೆ. ಒಂದೇ ನಂಬರಿಗೆ ಕಟ್ಟಿ ಗೆದ್ದರೆ ಒಂದಕ್ಕೆ 35 ಕೊಡುತ್ತಾರೆ. ಆ ಚೂರು ವ್ಯತ್ಯಾಸದಲ್ಲೇ ನೂರಕ್ಕೆ 2.7 ಜೂಜುಕಟ್ಟೆಯವರಿಗೆ. 1913ರ ಆಗಸ್ಟ್ 18ರ ರಾತ್ರಿ ಇಲ್ಲಿ ಚೆಂಡು ಸತತ 26 ಸಲ ಕಪ್ಪು ಮನೆಗೇ ಬಿತ್ತು. "ಇನ್ನು ಕೆಂಪು ಬರಲೇಬೇಕು" ಅಂತ ಕಟ್ಟುತ್ತಾ ಹೋದವರು ಲಕ್ಷಗಟ್ಟಲೆ ಕಳೆದುಕೊಂಡರು. ಇನ್ನೊಂದು ವಿಷಯ: ಮೊನಾಕೊದ ಸ್ವಂತ ಪ್ರಜೆಗಳು ಆ ಜೂಜಿನ ಕೋಣೆಗಳಲ್ಲಿ ಆಡುವ ಹಾಗಿಲ್ಲ! ಇದನ್ನು ಹೇಳಿದಾಗ ಬಸ್ಸಿನಲ್ಲಿ ಏಳುವ ನಗು, ಕೋಟಿ ಲೆಕ್ಕಕ್ಕೆ ಯಾವತ್ತೂ ಏಳಲಿಲ್ಲ. ಇವತ್ತು ಸರ್ಕಾರದ ಆದಾಯದಲ್ಲಿ ಜೂಜಿನ ಪಾಲು ಸಣ್ಣದು. ವ್ಯಾಟ್, ಅಂದರೆ ಕೊಳ್ಳುವಾಗ ಕಟ್ಟುವ ತೆರಿಗೆಯದ್ದೇ ದೊಡ್ಡದು.

ಈಗ ನಾನು ಕ್ಯಾಸಿನೊವನ್ನು ಕೊನೆಗೆ ಇಡುತ್ತೇನೆ. ಕೋಚ್ ನಿಲ್ಲುವುದು ಅರಮನೆ ಇರುವ ಬಂಡೆಯ ಬುಡದ ಪಾರ್ಕಿಂಗ್‌ನಲ್ಲಿ. ಅಲ್ಲಿಂದ ಲಿಫ್ಟ್ ಇದೆ, ಮಂಡಿ ನೋವಿನವರಿಗೆ ಮೊದಲೇ ಹೇಳಿಬಿಡಿ, ಅರ್ಧ ಗಾಬರಿ ಕಡಿಮೆಯಾಗುತ್ತದೆ. ಮೇಲೆ ಬಂದರೆ 1910ರ ಸಾಗರ ಮ್ಯೂಸಿಯಂ. ಮುಂದೆ ಕ್ಯಾಥೆಡ್ರಲ್. ಹಾಲಿವುಡ್ ಬಿಟ್ಟು ಇಲ್ಲಿಯ ರಾಣಿಯಾದ ನಟಿ ಗ್ರೇಸ್ ಕೆಲ್ಲಿಯ ಸಮಾಧಿ ಅಂದರೆ ನಮ್ಮವರ ಕಣ್ಣಿಗೆ ತಾಜ್ ಮಹಲ್ ಬರುತ್ತದೆ. ಅಲ್ಲಿರುವುದು ನೆಲದ ಮಟ್ಟಕ್ಕೆ ಹಾಸಿದ ಒಂದು ಚಪ್ಪಡಿ. ಲ್ಯಾಟಿನ್‌ನಲ್ಲಿ "ಗ್ರಾಸಿಯಾ ಪಟ್ರೀಸಿಯಾ, ರಾಜ ಮೂರನೇ ರೈನಿಯೆಯ ಹೆಂಡತಿ", ಸತ್ತ ವರ್ಷ 1982, ಅಷ್ಟೇ. ಹಾಲಿವುಡ್ ಇಲ್ಲ, ಆಸ್ಕರ್ ಇಲ್ಲ. ಅಲ್ಲಿ ನಾನು ಬಾಯಿ ಬಿಡುವುದಿಲ್ಲ. ಹಿರಿಯ ಹೆಂಗಸರು ಯಾಕೋ ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತಾರೆ.

11:55ಕ್ಕೆ ಅರಮನೆ ಮುಂದೆ ಕಾವಲುಗಾರರ ಪಾಳಿ ಬದಲಾವಣೆ. ಕಾಯುವ ಹೊತ್ತಲ್ಲಿ ಅಲ್ಲಿರುವ ಸನ್ಯಾಸಿಯ ಕಂಚಿನ ಮೂರ್ತಿ ತೋರಿಸುತ್ತೇನೆ. ನಿಲುವಂಗಿಯ ಒಳಗೆ ಕತ್ತಿ. 1297ರ ಜನವರಿ 8ರಂದು ಈಗಿನ ರಾಜಮನೆತನದ ಫ್ರಾಂಸ್ವಾ ಗ್ರಿಮಾಲ್ಡಿ ಸನ್ಯಾಸಿ ವೇಷದಲ್ಲಿ ಬಂದು ಕೋಟೆ ಹಿಡಿದನಂತೆ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಯಾರಾದರೂ ಒಬ್ಬರು "ರಾವಣ!" ಅಂದೇ ಅನ್ನುತ್ತಾರೆ.

ಆಮೇಲೆ ಕ್ಯಾಸಿನೊ. ಪ್ಯಾರಿಸ್‌ನ ಆಪರಾ ನಾಟಕಮಂದಿರ ಕಟ್ಟಿದ ಶಾರ್ಲ್ ಗಾರ್ನಿಯೇ ಇಲ್ಲಿಯೂ ಕೈಯಾಡಿಸಿದ್ದಾನೆ. ನಾಲ್ಕು ದಿನದ ಹಿಂದೆ ಅದನ್ನು ನೋಡಿದವರು ತಾವೇ ಗುರುತು ಹಿಡಿಯುತ್ತಾರೆ. ಫೆರಾರಿ ಫೋಟೋ ಈಗಲೂ ಇದೆ, ಬೇಡ ಅನ್ನುವುದಕ್ಕೆ ನಾನ್ಯಾರು? ಆದರೆ ಬಸ್ಸು ಹತ್ತಿದ ಮೇಲೂ ಪ್ರಶ್ನೆ ಕೇಳುತ್ತಾರೆ.

ಏಪ್ರಿಲ್ ಗ್ರೂಪ್ ಆದರೆ ಬೆಳಿಗ್ಗೆಯೇ ನೀಸ್‌ನ ಕೂರ್ ಸಲೇಯಾ ಮಾರ್ಕೆಟ್‌ನಲ್ಲಿ ಒಂದೆರಡು ಮಾಂತೋ ನಿಂಬೆ ಕೊಂಡಿಟ್ಟಿರುತ್ತೇನೆ. ನಮ್ಮದಕ್ಕಿಂತ ದೊಡ್ಡದು, ದಪ್ಪ ಸಿಪ್ಪೆ, ಉಗುರು ತಾಗಿಸಿದರೆ ಸಾಕು, ಘಮ್ಮೆನ್ನುತ್ತದೆ. ಇಟಲಿ ಗಡಿ ಹತ್ತಿರ ಹೈವೇಯ ಕೆಳಗೆ ಮಾಂತೋ ಕಾಣುವಾಗ ದಂಗೆಯ ಕಥೆ ಹೇಳಿ, ಹಣ್ಣನ್ನು ಮುಂದಿನ ಸೀಟಿಗೆ ಕೊಡುತ್ತೇನೆ. ಮೂಸಿ ನೋಡಿ ಹಿಂದಕ್ಕೆ ದಾಟಿಸಿ, ಆಮೇಲೆ ನನಗೆ ವಾಪಸ್ ಕೊಡಿ ಅಂತ ಮೈಕಿನಲ್ಲೇ ಹೇಳಿರುತ್ತೇನೆ. ಇದುವರೆಗೆ ಒಂದೂ ವಾಪಸ್ ಬಂದಿಲ್ಲ. ರಾತ್ರಿ ಊಟದ ಟೇಬಲ್ಲಿನಲ್ಲಿ ಯಾರದೋ ಪರ್ಸಿನಿಂದ ಹೊರಗೆ ಬಂದು ದಾಲ್ ಮೇಲೆ ಹಿಂಡಿಸಿಕೊಳ್ಳುತ್ತಿರುತ್ತದೆ.