ಪೈನ್ ಬೆಂಚಿಗೆ ವೈಸ್: ಹಲಗೆ ಯಾಕೆ ಎದ್ದೇಳ್ತಿತ್ತು ಅಂತ ಕೊನೆಗೂ ಗೊತ್ತಾಯ್ತು

ಮೂರು ಭಾನುವಾರ ಹಾಳಾದ್ಮೇಲೆ ನಿನ್ನೆ ರಾತ್ರಿ ಒಂದು ಹಲಗೆ ನನ್ನ ಮರಗೆಲಸದ ಬೆಂಚಿನ ಮೇಲೆ ತೆಪ್ಪಗೆ ಮಲಗ್ತು. ವೈಸ್ (ಹ್ಯಾಂಡಲ್ ತಿರುಗಿಸಿದ್ರೆ ದವಡೆಗಳಿಂದ ಮರನ ಬಿಗಿಯಾಗಿ ಹಿಡಿಯೋ ಸಾಧನ) ಕೂರಿಸಿದ್ದು, ಒಳದವಡೆನ ಬೆಂಚಿನ ಅಂಚಿಗೆ ಸಮ ಮಾಡಿದ್ದು ಎಲ್ಲ ಬರೆಯಲ್ಲ, ನಿಮಗೆ ಗೊತ್ತಿರೋದೇ. ಡಾಗ್ ಅಂದ್ರೆ ಹಲಗೆಗೆ ಅಡ್ಡ ಕೊಡೋ ಗೂಟ; ಒಂದು ವೈಸ್‌ನಲ್ಲಿ, ಇನ್ನೊಂದು ಬೆಂಚಿನ ತೂತಲ್ಲಿ, ಹಲಗೆನ ಇವೆರಡರ ನಡುವೆ ಮಲಗಿಸಿ ಬಿಗಿಯೋದು. ಆ ತೂತೂ ಅಷ್ಟೆ, 19 ಎಂಎಂ, 100 ಎಂಎಂಗೊಂದು, ವೈಸ್‌ನ ಡಾಗ್‌ಗೆ ನೇರವಾಗಿ ಒಂದೇ ಸಾಲು. ಆದ್ರೆ 19ರ ಡ್ರಿಲ್ ಬಿಟ್ ಕೇಳಿದ್ರೆ ಅಂಗಡಿಯವ್ರು ಕಳಿಸಿದ್ದು 20, ಫೋನ್ ಮಾಡಿದ್ರೆ "ಒಂದ್ ಎಂಎಂ ತಾನೆ ಸಾರ್, ನಡೆಯುತ್ತೆ" ಅಂದ್ರು. ನಡೆಯುತ್ತೆ ಸ್ವಾಮಿ, ಡಾಗ್ ತೂತೊಳಗೆ ಓಡಾಡ್ಕೊಂಡೇ ಇರುತ್ತೆ! ಬದಲಾಯಿಸ್ಕೊಳ್ಳೋದ್ರಲ್ಲೇ ಒಂದು ವಾರ ಹೋಯ್ತು.

ಈಗ ಅಸಲಿ ತಲೆನೋವು. ವೈಸ್ ಬಿಗಿ ಮಾಡ್ತಿದ್ದಂಗೆ ಹಲಗೆಯ ವೈಸ್ ಕಡೆ ತುದಿ ಮೇಲಕ್ಕೇಳೋದು, ಕೀಸುಳಿ ಹಚ್ಚಿದ್ರೆ ಟಕಟಕ ಅಂತ ಕುಣಿಯೋದು. ಮೊದ್ಲು ತೂತಿನ ಮೇಲೇ ಅನುಮಾನ. ಪೈನ್‌ನಲ್ಲಿ ಗಟ್ಟಿ ಗೆರೆ ಮೆತ್ತಗಿನ ಗೆರೆ ಪಕ್ಕಪಕ್ಕ ಇರುತ್ತಲ್ಲ, ಬಿಟ್ ಗಟ್ಟಿ ಗೆರೆಗೆ ತಾಗಿದ್ರೆ ಮೆತ್ತಗಿನ ಕಡೆ ಜಾರಿಬಿಡುತ್ತೆ. ಎರಡು ತೂತಿಗೆ ಮರದ ಗೂಟ ಅಂಟಿಸಿ, ಬಿಟ್ ನೇರ ಇಳಿಯೋಕೆ ಗೈಡ್ ಬ್ಲಾಕ್ ಕಟ್ಟಿ, ಹೊಸದಾಗಿ ಕೊರೆದೆ. ಹಲಗೆ ಮತ್ತೆ ಎದ್ದು ನಮಸ್ಕಾರ ಮಾಡ್ತು.

ಸಿಟ್ಟು ಬಂದು ಟಾರ್ಚ್ ಹಿಡ್ಕೊಂಡು ಬೆಂಚಿನ ಅಡಿಗೆ ನುಗ್ಗಿ, ಅಂಗಾತ ಮಲಗಿ, ಕೈ ಮೇಲೆ ಚಾಚಿ ಹ್ಯಾಂಡಲ್ ತಿರುಗಿಸ್ತಾ ನೋಡ್ದೆ. ವೈಸ್‌ನ ಬೆಂಚಿನ ಅಡಿಗೆ ಹಿಡಿದಿರೋ ಕೋಚ್ ಸ್ಕ್ರೂಗಳಲ್ಲಿ (ಮರಕ್ಕೇ ತಿರುಗಿಸೋ ದಪ್ಪ ಸ್ಕ್ರೂ) ಮುಂದಿನ ಎರಡರ ಹತ್ರ ವೈಸ್ ಬಾಡಿ ಮೆಲ್ಲಗೆ ಕೆಳಗಿಳೀತಿದೆ! ಡಾಗ್ ಇರೋದು ದವಡೆ ಮೇಲೆ, ವೈಸ್‌ನ ಸ್ಕ್ರೂ ಎಳೆಯೋದು ಕೆಳಗೆ, ಹಾಗಾಗಿ ಹೊರದವಡೆಯ ತಲೆ ಹಿಂದಕ್ಕೆ ವಾಲುತ್ತೆ, ಡಾಗ್‌ನ ಮುಖ ಆಕಾಶ ನೋಡುತ್ತೆ, ಹಲಗೆ ಅದರ ಮೇಲೆ ಹತ್ತುತ್ತೆ. ಪೈನ್‌ನಲ್ಲಿ ಕೋಚ್ ಸ್ಕ್ರೂ ಎಷ್ಟು ಹಿಡಿಯುತ್ತೆ ಹೇಳಿ, ಬಿಚ್ಚಿದ್ರೆ ಮರದ ನಾರೆಲ್ಲ ಹಿಟ್ಟಾಗಿ ಉದುರ್ತು. ವೈಸ್‌ಗೂ ಬೆಂಚಿಗೂ ನಡುವೆ ಕೊಟ್ಟಿದ್ದ ಪೈನ್ ತುಂಡೂ ಅಮುಕಿ ತೆಳ್ಳಗಾಗಿತ್ತು.

ಅಲ್ಲೇ ಮಲಗಿದ್ದಾಗ ಬೆಂಚಿನ ಕಾಲು ಕಣ್ಣಿಗೆ ಬಿತ್ತು, ಇದಕ್ಕೊಂದು ಲೆಗ್ ವೈಸ್ (ಬೆಂಚಿನ ಕಾಲಿಗೇ ಕೂರಿಸೋ, ಉದ್ದ ದವಡೆಯ ವೈಸ್) ಹಾಕಿದ್ರೆ ಅನ್ನಿಸ್ತು. ಅದ್ರಲ್ಲೂ ಇದೇ ಸನ್ನೆಕೋಲಿನ ಲೆಕ್ಕ, ಆದ್ರೆ ಕೆಳಗಿನ ಪಟ್ಟಿಗೆ ಗೂಟ ಸಿಕ್ಕಿಸಿದ್ರೆ ದವಡೆ ವಾಲೋ ಪ್ರಶ್ನೆನೇ ಇಲ್ಲ. ಚಿತ್ರ ಬಿಡಿಸಿ ಆಗಿದೆ. ಇದು ಮುಗಿಯೋ ಮುಂಚೆ ಅದನ್ನ ಶುರು ಮಾಡಲ್ಲ ಅಂತ ಮನೆಯವ್ರಿಗೆ ಮಾತು ಕೊಟ್ಟಿದೀನಿ, ನೋಡೋಣ.

ಸರಿ, ಪರಿಹಾರ. ಕೋಚ್ ಸ್ಕ್ರೂ ಎಲ್ಲ ಕಿತ್ತು ಮೇಲಿಂದ ಕೆಳಗೆ ಆರುಪಾರು 10 ಎಂಎಂ ಬೋಲ್ಟ್, ತಲೆ ಮರದೊಳಗೆ ಇಳಿಸಿ ಅಗಲ ವಾಷರ್, ನಡುವೆ ಗಟ್ಟಿ ಮರದ ತುಂಡು. ಮುಕ್ಕಾಲು ಪಾಲು ಸರಿ ಹೋಯ್ತು. ಉಳಿದಿದ್ದು ಹೊರದವಡೆ ಜೊತೆ ಜಾರೋ ವೈಸ್‌ನ ಕಂಬಿಗಳಲ್ಲಿರೋ ಸಡಿಲ, ಅದನ್ನ ತೆಗೆಯೋಕಾಗಲ್ಲ, ಅದಕ್ಕೆ ಡಾಗ್‌ಗಳ ಮುಖನ ಎರಡು ಡಿಗ್ರಿ ಹಲಗೆ ಕಡೆಗೆ ಬಾಗೋ ಥರ ಕೆತ್ತಿದೆ, ಈಗ ಬಿಗಿ ಮಾಡಿದಷ್ಟೂ ಹಲಗೆನ ಕೆಳಕ್ಕೇ ಒತ್ತುತ್ತೆ.

ಮೂರನೇ ತೂತಿನ ಕೆಳಗೆ ಬೆಂಚಿನ ಅಡ್ಡಪಟ್ಟಿ ಇದೆ ಅಂತ ಗೊತ್ತಾಗಿದ್ದು ಕೊರೆದ ಮೇಲೆ. ಆ ಒಂದು ಡಾಗ್ ಮಾತ್ರ ಗಿಡ್ಡ, ಯಾರೂ ಕೇಳ್ಬೇಡಿ.