ಮಾಂಸ ಬಿಟ್ಟಿದ್ದು ಆರೋಗ್ಯಕ್ಕಾ, ಪ್ರಾಣಿಗಳಿಗಾ?

ನಾನು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ. "ಎರಡಕ್ಕೂ" ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ, ಕೇಳಿದವರಿಗೂ ಸಮಾಧಾನ. ಆದರೆ ಈ ಎರಡು ಕಾರಣಗಳು ಸ್ವಲ್ಪ ದೂರ ಮಾತ್ರ ಜೊತೆಯಲ್ಲಿ ನಡೆಯುತ್ತವೆ. ಆಮೇಲೆ ಒಂದು ಎಡಕ್ಕೆ ತಿರುಗಿದರೆ ಇನ್ನೊಂದು ಬಲಕ್ಕೆ. ಆಗ ನಾನು ಹೋಗುವುದು ಪ್ರಾಣಿಗಳ ಕಡೆಗೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆರೋಗ್ಯ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾಸೇಜ್, ಬೇಕನ್, ಹ್ಯಾಮ್ ಥರದ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಅಪಾಯ ಸುಮಾರು ಶೇ. 18ರಷ್ಟು ಹೆಚ್ಚು ಅನ್ನುವುದು ಅವರ ಲೆಕ್ಕ. ತಂಬಾಕೂ ಅದೇ ಗುಂಪಿನಲ್ಲಿದೆ. ಇಷ್ಟನ್ನೇ ಹಿಡಿದುಕೊಂಡು "ಮಾಂಸ ತಿನ್ನೋದೂ ಸಿಗರೇಟ್ ಸೇದೋದೂ ಒಂದೇ" ಅನ್ನುವವರಿದ್ದಾರೆ. ಖಂಡಿತ ಒಂದಲ್ಲ. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತಲ್ಲ. ಸಸ್ಯಾಹಾರಿಗಳೇ ಇಂಥದ್ದನ್ನು ಹಬ್ಬಿಸಿದಾಗ ನನಗೆ ಸಿಟ್ಟು ಜಾಸ್ತಿ.

ಬ್ರಿಟನ್‌ನಲ್ಲಿ ಸುಮಾರು 48,000 ಜನರನ್ನು 18 ವರ್ಷ ಗಮನಿಸಿದ ಆಕ್ಸ್‌ಫರ್ಡ್ ಅಧ್ಯಯನವೊಂದರ ಫಲಿತಾಂಶ 2019ರಲ್ಲಿ ಬಂತು. ಹೃದಯಕ್ಕೆ ರಕ್ತ ಸರಿಯಾಗಿ ಹರಿಯದೆ ಬರುವ ಕಾಯಿಲೆ ಸಸ್ಯಾಹಾರಿಗಳಲ್ಲಿ ಶೇ. 22 ಕಡಿಮೆ ಇತ್ತು. ಪಾರ್ಶ್ವವಾಯು ಮಾತ್ರ ಶೇ. 20 ಹೆಚ್ಚು. ಸಾವಿರ ಜನರಲ್ಲಿ ಹತ್ತು ವರ್ಷದ ಲೆಕ್ಕ ಹಾಕಿದರೆ ಹೃದಯದ ಕಾಯಿಲೆ ಹತ್ತು ಜನಕ್ಕೆ ತಪ್ಪುತ್ತದೆ, ಪಾರ್ಶ್ವವಾಯು ಮೂರು ಜನಕ್ಕೆ ಹೆಚ್ಚಾಗುತ್ತದೆ. ಒಟ್ಟಿನಲ್ಲಿ ಲಾಭವೇ, ಆದರೆ ಪವಾಡವಲ್ಲ. ಚಿಪ್ಸ್, ಕೋಲಾ, ಬಿಸ್ಕತ್ತು ತಿಂದುಕೊಂಡೂ ಸಸ್ಯಾಹಾರಿಯಾಗಿ ಇರಬಹುದು, ಅಲ್ವಾ? ಬರೀ ಮಾಂಸ ಬಿಟ್ಟರೆ ಸಾಲದು. ಅದರ ಜಾಗಕ್ಕೆ ಕಾಳು, ಬೇಳೆ, ತರಕಾರಿ ಬರಬೇಕು.

ಪ್ರೋಟೀನ್ ಬಗ್ಗೆ ಎಲ್ಲರಿಗೂ ಚಿಂತೆ. ಕಾಳು, ಬೇಳೆ, ಸೋಯಾ, ಬೀಜಗಳನ್ನು ಹೊಟ್ಟೆ ತುಂಬ ತಿನ್ನುವವರಿಗೆ ಆ ಚಿಂತೆ ಬೇಡ. ಚಿಂತೆ ಮಾಡಲೇಬೇಕಾದದ್ದು ಬಿ12 ವಿಟಮಿನ್ ಬಗ್ಗೆ, ಅದನ್ನು ಮಾತ್ರ ಯಾರೂ ಕೇಳಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ. ಗಿಡಗಳಿಗೆ ಅದು ಬೇಕಾಗಿಯೇ ಇಲ್ಲ, ಹಾಗಾಗಿ ತರಕಾರಿಯಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ಹಾಲು, ಮೊಟ್ಟೆಯಲ್ಲಿ ಸ್ವಲ್ಪ ಸಿಗುತ್ತದೆ. ನಮ್ಮ ಲಿವರ್ ಇದನ್ನು ವರ್ಷಗಟ್ಟಲೆಗೆ ಆಗುವಷ್ಟು ಕೂಡಿಟ್ಟುಕೊಂಡಿರುತ್ತದೆ. ತೊಡಕು ಇರುವುದೇ ಇಲ್ಲಿ. ಮಾಂಸ ಬಿಟ್ಟ ಮೊದಲ ವರ್ಷ "ನಾನು ಚೆನ್ನಾಗೇ ಇದ್ದೇನಲ್ಲ" ಅನಿಸುತ್ತದೆ, ಯಾಕೆಂದರೆ ಆಗ ಖರ್ಚಾಗುತ್ತಿರುವುದು ಹಳೆಯ ದಾಸ್ತಾನು. ಅದು ಮುಗಿದ ಮೇಲೆ ಸುಸ್ತು, ಕೈಕಾಲು ಜೋಮು, ಮರೆವು ಶುರುವಾಗಬಹುದು. ಸೊಪ್ಪು ಜಾಸ್ತಿ ತಿನ್ನುವವರಲ್ಲಿ ಇನ್ನೊಂದು ಮೋಸವಿದೆ. ಸೊಪ್ಪಿನಲ್ಲಿರುವ ಫೋಲೇಟ್ ಅನ್ನುವ ವಿಟಮಿನ್, ಬಿ12 ಕೊರತೆಯಿಂದ ಬರುವ ರಕ್ತಹೀನತೆಯನ್ನು ಮರೆಮಾಡಬಹುದು, ಅಷ್ಟರಲ್ಲಿ ನರಗಳಿಗೆ ಪೆಟ್ಟು ಬಿದ್ದಿರುತ್ತದೆ. ಆದ್ದರಿಂದ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ. "ಸಹಜ ಆಹಾರ ಆಗಿದ್ದರೆ ಮಾತ್ರೆ ಯಾಕೆ ಬೇಕು?" ಅಂತ ಕೆಣಕುವವರು ಇದ್ದೇ ಇರುತ್ತಾರೆ. ಕೆಣಕಲಿ ಬಿಡಿ.

ಈಗ ದಾರಿ ಕವಲೊಡೆಯುವ ಜಾಗಕ್ಕೆ ಬರೋಣ. ಹೃದಯದ ಬಗ್ಗೆ ಕಾಳಜಿ ಇರುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಏನು? ದನ, ಕುರಿ, ಹಂದಿಯ ಮಾಂಸ ಕಡಿಮೆ ಮಾಡಿ, ಕೋಳಿ ತಿನ್ನಿ. ದೇಹದ ಮಟ್ಟಿಗೆ ಒಳ್ಳೆಯ ಸಲಹೆಯೇ. ಪ್ರಾಣಿಗಳ ಕಡೆಯಿಂದ ನೋಡಿದರೆ ಮಾತ್ರ ಇದರಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ. ಒಂದು ದೊಡ್ಡ ದನದಿಂದ 200 ಕೆ.ಜಿ.ಗಿಂತ ಹೆಚ್ಚು ಮಾಂಸ ಸಿಗುತ್ತದೆ. ಅಷ್ಟೇ ಮಾಂಸಕ್ಕೆ ನೂರಕ್ಕೂ ಹೆಚ್ಚು ಕೋಳಿ ಬೇಕು. ಅವು ಬದುಕುವ ರೀತಿಯನ್ನೂ ನೋಡಬೇಕು. ಮಾಂಸಕ್ಕೆಂದೇ ಬೆಳೆಸುವ ತಳಿಗಳು ಸುಮಾರು ಆರು ವಾರದಲ್ಲಿ ಕೊಯ್ಲಿಗೆ ಬರುತ್ತವೆ. ಕೋಳಿ ತನ್ನಷ್ಟಕ್ಕೆ ವರ್ಷಗಟ್ಟಲೆ ಬದುಕುವ ಪ್ರಾಣಿ. ಮೈ ತೂಕ ಎಷ್ಟು ಬೇಗ ಏರುತ್ತದೆಂದರೆ ಕೆಲವಕ್ಕೆ ಕಾಲು ತಡೆಯುವುದಿಲ್ಲ, ಕೆಲವಕ್ಕೆ ಹೃದಯವೇ ಸೋಲುತ್ತದೆ. ಇಂಥ 7,000 ಕೋಟಿಗೂ ಹೆಚ್ಚು ಕೋಳಿಗಳನ್ನು ಜಗತ್ತು ಪ್ರತಿ ವರ್ಷ ಕೊಲ್ಲುತ್ತದೆ.

ಹಾಗಾಗಿ ಯಾರಾದರೂ ಪ್ರಾಣಿಗಳಿಗಾಗಿ ಮಾಂಸ ಕಡಿಮೆ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂದರೆ ನಾನು ಕೋಳಿಯಿಂದ ಅನ್ನುತ್ತೇನೆ. ಆರೋಗ್ಯಕ್ಕಾಗಿ ಅಂದರೆ ಸಾಸೇಜ್, ಬೇಕನ್‌ಗಳಿಂದ. ಇವೆರಡೂ ಒಂದೇ ಉತ್ತರವಲ್ಲ ನೋಡಿ.

ಇಷ್ಟು ಹೇಳಿದ ಮೇಲೆ "ಮೊಟ್ಟೆ, ಹಾಲು?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ. ಮೊಟ್ಟೆಯ ತಳಿಯ ಗಂಡು ಮರಿ ಮೊಟ್ಟೆಯನ್ನೂ ಇಡಲ್ಲ, ಮಾಂಸಕ್ಕೆ ಬೇಕಾದಷ್ಟು ಬೇಗ ಬೆಳೆಯೋದೂ ಇಲ್ಲ. ಅದಕ್ಕೇ ಹುಟ್ಟಿದ ದಿನವೇ ಅವನ್ನು ಕೊಲ್ಲುವುದು ಬಹಳ ಕಡೆ ಮಾಮೂಲು. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಹಸು ಕರು ಹಾಕದೆ ಹಾಲು ಕೊಡಲ್ಲ, ಹುಟ್ಟಿದ್ದು ಗಂಡು ಕರು ಆದರೆ ಡೈರಿಗೆ ಅದು ಬೇಡ. ನಾನು ಮೊಟ್ಟೆ ಬಿಟ್ಟಿದ್ದೇನೆ. ಹಾಲು ಇನ್ನೂ ಬಳಸುತ್ತೇನೆ, ಮೊದಲಿಗಿಂತ ಬಹಳ ಕಡಿಮೆ. ಪೂರ್ತಿ ಬಿಟ್ಟವರು ನನಗಿಂತ ಒಂದು ಹೆಜ್ಜೆ ಮುಂದಿದ್ದಾರೆ, ಅದರಲ್ಲಿ ವಾದಕ್ಕೆ ಜಾಗವಿಲ್ಲ.

"ನಾಳೆ ಕೋಳಿ ತಿಂದರೆ ಇನ್ನೂ ಒಳ್ಳೆಯದು ಅಂತ ಸಾಬೀತಾದರೆ ಏನ್ಮಾಡ್ತೀಯ?" ಅಂತಲೂ ಕೇಳುತ್ತಾರೆ. ತಿನ್ನುವುದಿಲ್ಲ. ಅದಿಲ್ಲದೆ ನನ್ನ ದೇಹ ಆರಾಮಾಗಿ ನಡೆಯುತ್ತಿರುವಾಗ, ಇನ್ನೊಂದಿಷ್ಟು ಲಾಭಕ್ಕೆ ಇನ್ನೊಂದು ಜೀವದ ಬದುಕನ್ನು ಆರು ವಾರಕ್ಕೆ ಇಳಿಸಲು ನನಗೆ ಮನಸ್ಸಿಲ್ಲ. ಕಾಯಿಲೆಯಿಂದಲೋ ಅಲರ್ಜಿಯಿಂದಲೋ ಕಾಳು, ಸೋಯಾ, ಬೀಜ ಏನೂ ಒಗ್ಗದವರಿಗೆ ನಾನು ಈ ಮಾತು ಹೇಳಲ್ಲ. ಅವರ ಲೆಕ್ಕವೇ ಬೇರೆ.